ಓದುಗರ ಪ್ರಶ್ನೆ: ಅರಬ್ಬಿಗೆ ಮೂರೇ ವಿಭಕ್ತಿ ಹೇಗೆ ಸಾಕಾಗುತ್ತವೆ?

ಪ್ರಶ್ನೆ: ಗುರುಗಳೇ, ನಾನು ಸಿಂದಗಿಯವಳು. ಕನ್ನಡ ಎಂ.ಎ. ಮುಗಿಸಿ ಈಗ ವಿಜಯಪುರದಲ್ಲಿ ಒಬ್ಬ ಉಸ್ತಾದರ ಬಳಿ ಅರಬ್ಬಿ ಕಲಿಯುತ್ತಿದ್ದೇನೆ. ಅಕ್ಷರಗಳು ಬಂದಿವೆ. ಜಬರ್ (ಅ), ಜೇರ್ (ಇ), ಪೇಶ್ (ಉ) ಎಂಬ ಸ್ವರದ ಗುರುತುಗಳನ್ನು ಹಾಕಿದ್ದರೆ ತಡವರಿಸದೆ ಓದುತ್ತೇನೆ. ವಿಭಕ್ತಿಯ ಪಾಠಕ್ಕೆ ಬಂದು ನಿಂತುಬಿಟ್ಟಿದ್ದೇನೆ. ‘ಕಿತಾಬುನ್, ಕಿತಾಬನ್, ಕಿತಾಬಿನ್’ ಎಂದು ಬಾಯಿಪಾಠ ಮಾಡಿದೆ. ಆದರೆ ‘ಮನೆಯಿಂದ’, ‘ಮನೆಗೆ’, ‘ಮನೆಯಲ್ಲಿ’ ಎಲ್ಲದಕ್ಕೂ ಕೊನೆಯಲ್ಲಿ ಅದೇ ‘ಬೈತಿ’ ಬರುತ್ತದೆ. ನಮ್ಮ ಏಳು ವಿಭಕ್ತಿಗಳನ್ನು ಈ ಮೂರಕ್ಕೆ ಹೇಗೆ ಹೊಂದಿಸಬೇಕು? ಒಂದು ಕೋಷ್ಟಕ ಮಾಡಿ ಕೊಡುವಿರಾ? ಇನ್ನೊಂದು ಸಂದೇಹ: ಅರಬ್ಬಿ ಪತ್ರಿಕೆಗಳಲ್ಲಿ ಈ ಗುರುತುಗಳೇ ಇರುವುದಿಲ್ಲವಲ್ಲ, ಅವರು ಹೇಗೆ ಓದುತ್ತಾರೆ?

ಉತ್ತರ: ಕೋಷ್ಟಕ ಮಾಡಿ ಕೊಡುವುದಿಲ್ಲ ತಂಗೀ. ನಿನ್ನನ್ನು ನಿಲ್ಲಿಸಿರುವುದೇ ಆ ಕೋಷ್ಟಕದ ಯೋಚನೆ. ಪ್ರಥಮೆಗೆ ಪೇಶ್, ದ್ವಿತೀಯೆಗೆ ಜಬರ್, ಷಷ್ಠಿಗೆ ಜೇರ್ ಎಂದು ನೋಟುಪುಸ್ತಕದಲ್ಲಿ ಗೆರೆ ಎಳೆದುಕೊಂಡವರು ಕೆಲವೇ ಪಾಠಗಳಲ್ಲಿ ದಾರಿ ತಪ್ಪುವುದನ್ನು ನೋಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದವನು. ವಿಭಕ್ತಿ ಪ್ರತ್ಯಯವೆಂದರೆ ನಮಗೆ ಅರ್ಥವನ್ನೇ ಹೊತ್ತು ತರುವಂಥದ್ದು. ‘ಇಂದ’ ಎಂದ ಕೂಡಲೇ ಹೊರಟ ಜಾಗ ತಿಳಿಯಿತು, ‘ಗೆ’ ಎಂದ ಕೂಡಲೇ ಸೇರುವ ಜಾಗ ತಿಳಿಯಿತು. ಅರಬ್ಬಿಯಲ್ಲಿ ಆ ಅರ್ಥ ಇರುವುದು ನಾಮಪದಕ್ಕಿಂತ ಮೊದಲು ಬರುವ ಚಿಕ್ಕ ಪದದಲ್ಲಿ. ‘ಮಿನಲ್ ಬೈತಿ’ ಎಂದರೆ ಮನೆಯಿಂದ, ‘ಇಲಲ್ ಬೈತಿ’ ಎಂದರೆ ಮನೆಗೆ, ‘ಫಿಲ್ ಬೈತಿ’ ಎಂದರೆ ಮನೆಯಲ್ಲಿ. ಮಿನ್, ಇಲಾ, ಫೀ ಇವು ಅರ್ಥ ಹೇಳಿ ಮುಗಿಸಿದ ಮೇಲೆ ಕೊನೆಯ ಜೇರ್‌ಗೆ ಒಂದೇ ಕೆಲಸ ಉಳಿಯುತ್ತದೆ: ಈ ನಾಮಪದ ಆ ಚಿಕ್ಕ ಪದದ ಅಧೀನದಲ್ಲಿದೆ ಎಂದು ತೋರಿಸುವುದು.

ಅಧೀನ ಎಂಬ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಆಳುವ ಪದಕ್ಕೆ ಅರಬ್ಬಿ ವೈಯಾಕರಣರು ‘ಆಮಿಲ್’ ಎನ್ನುತ್ತಾರೆ. ಆಮಿಲ್ ಬದಲಾದಂತೆ ಪದದ ಕೊನೆ ಬದಲಾಗುವುದಕ್ಕೆ ‘ಇಅರಾಬ್’ ಎಂದು ಹೆಸರು. ಆದ್ದರಿಂದ ಪ್ರತಿ ನಾಮಪದದ ಮುಂದೆ ನಿಂತು ‘ಇದು ಕನ್ನಡದ ಯಾವ ವಿಭಕ್ತಿ?’ ಎಂದು ಕೇಳಬೇಡ, ‘ಇದನ್ನು ಆಳುತ್ತಿರುವುದು ಯಾವುದು?’ ಎಂದು ಕೇಳು. ನನ್ನ ಉಸ್ತಾದರು ಜಾಮಿಯಾ ಮಸೀದಿಯ ಹತ್ತಿರದ ತಮ್ಮ ಮನೆಯ ಪಡಸಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದರು. ಪದದ ಅರ್ಥ ಗೊತ್ತಿಲ್ಲದಿದ್ದರೆ ಅವರೇ ಹೇಳಿಕೊಡುತ್ತಿದ್ದರು. ಆಮಿಲ್ ಯಾವುದೆಂದು ಹೇಳಲು ಬಾರದಿದ್ದರೆ ಮುಂದಿನ ವಾಕ್ಯಕ್ಕೆ ಹೋಗಲು ಬಿಡುತ್ತಿರಲಿಲ್ಲ. ಆ ಹಟ ಎಷ್ಟು ಸರಿಯಾದದ್ದು ಎಂಬುದು ಪಾಠ ಹೇಳುವ ಸರದಿ ನನಗೆ ಬಂದಾಗ ತಿಳಿಯಿತು.

ಅರಬ್ಬಿಯ ಮೂರು ವಿಭಕ್ತಿಗಳ ಹೆಸರು ರಫಾ, ನಸ್ಬ್, ಜರ್. ಅವುಗಳ ಸಾಮಾನ್ಯ ಗುರುತು ಕ್ರಮವಾಗಿ ಪೇಶ್, ಜಬರ್, ಜೇರ್. ಪುಸ್ತಕಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಕಲಿಸುತ್ತವೆ. ನನ್ನ ಮಾತು ಕೇಳುವುದಾದರೆ ಜರ್‌ನಿಂದ ಶುರು ಮಾಡು. ಜೇರ್ ಬರುವ ಸಂದರ್ಭಗಳು ಎರಡೇ. ಮೊದಲನೆಯದು ಮಿನ್, ಇಲಾ, ಫೀ, ಅಲಾ, ಬಿ, ಲಿ ಮುಂತಾದ ಅವ್ಯಯಗಳ ನಂತರ. ಎರಡನೆಯದು ಸಂಬಂಧ ಹೇಳುವಾಗ: ‘ಬಾಬುಲ್ ಬೈತಿ’, ಮನೆಯ ಬಾಗಿಲು. ಇಲ್ಲಿ ‘ಬಾಬ್’ ಮುಜಾಫ್, ಅಂದರೆ ಸೇರಿದ ವಸ್ತು. ‘ಬೈತ್’ ಮುಜಾಫ್ ಇಲೈಹಿ, ಅಂದರೆ ಅದು ಯಾವುದಕ್ಕೆ ಸೇರಿದೆಯೋ ಅದು. ನಾವು ‘ಮನೆಯ’ ಎಂಬುದನ್ನು ಮೊದಲು ಹೇಳಿ ಆಮೇಲೆ ಬಾಗಿಲನ್ನು ಹೇಳುತ್ತೇವೆ, ಅವರಲ್ಲಿ ಬಾಗಿಲು ಮೊದಲು. ಇವೆರಡನ್ನು ಬಿಟ್ಟರೆ, ಜೇರ್ ಇರುವ ನಾಮಪದದ ವಿಶೇಷಣವೂ ಜೇರ್ ತೆಗೆದುಕೊಳ್ಳುತ್ತದೆ, ಅಷ್ಟೇ. ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂಬ ಒಂದೇ ವಾಕ್ಯದಲ್ಲಿ ಇದೆಲ್ಲ ಇದೆ. ‘ಬಿ’ ಅವ್ಯಯ. ಅದರಿಂದ ‘ಇಸ್ಮ್’ ಜೇರ್ ಪಡೆದು ‘ಬಿಸ್ಮಿ’ ಆಯಿತು. ಸಂಬಂಧದಿಂದ ‘ಅಲ್ಲಾಹಿ’ ಆಯಿತು. ರಹ್ಮಾನ್, ರಹೀಮ್ ಎರಡೂ ಅದರ ಹಿಂದೆ ಜೇರ್ ಹಿಡಿದು ಬಂದವು. ಕೊನೆಯ ಪದದಲ್ಲಿ ಅದು ಕೇಳಿಸುವುದಿಲ್ಲ, ಏಕೆಂದರೆ ಓದು ನಿಲ್ಲುವಲ್ಲಿ ಕೊನೆಯ ಹ್ರಸ್ವ ಸ್ವರವನ್ನು ಬಿಡುವುದು ನಿಯಮ.

ನೀನು ವಿಜಯಪುರದಲ್ಲಿ ಕಲಿಯುತ್ತಿದ್ದೀಯಲ್ಲ, ನಿನ್ನ ಸುತ್ತ ಇಅರಾಬ್ ಎಷ್ಟೊಂದು ಕೇಳಿಸುತ್ತದೆ ಎಂದು ಗಮನಿಸು. ಓಣಿಯಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳಲ್ಲಿಯೇ ‘ಅಲ್ಲಾಹ್’ ಎಂಬ ಪದ ಮೂರೂ ರೂಪಗಳಲ್ಲಿ ಬರುತ್ತದೆ. ‘ಇನ್ ಶಾ ಅಲ್ಲಾಹು’ ಎಂದಾಗ ಇಚ್ಛಿಸುವವನು ಅಲ್ಲಾಹ್, ಕರ್ತೃ, ಆದ್ದರಿಂದ ಪೇಶ್. ‘ಅಸ್ತಗ್ಫಿರುಲ್ಲಾಹ’ ಎಂದಾಗ ಕ್ಷಮೆ ಕೇಳುವವನು ನಾನು, ಅಲ್ಲಾಹ್ ಕರ್ಮ, ಆದ್ದರಿಂದ ಜಬರ್. ‘ಬಿಸ್ಮಿಲ್ಲಾಹಿ’ಯ ಜೇರ್ ಆಗಲೇ ನೋಡಿದೆವು. ಇನ್ನು ಹೆಸರುಗಳು. ಶಂಸುದ್ದೀನ್, ನಿಜಾಮುದ್ದೀನ್ ಎಂಬಲ್ಲಿ ನಡುವೆ ಇರುವ ‘ಉ’ ಎಲ್ಲಿಂದ ಬಂತು? ಅದು ರಫಾದ ಪೇಶ್. ಶಂಸು, ಅದರ ಮುಂದೆ ಅದ್ದೀನ್: ಧರ್ಮದ ಸೂರ್ಯ. ನಮ್ಮ ನಾಡಿನ ಹೆಸರುಗಳಲ್ಲಿ ಆ ಪೇಶ್ ಹಾಗೆಯೇ ಉಳಿದುಬಿಟ್ಟಿದೆ, ಆದರೆ ಅರಬ್ಬಿ ವಾಕ್ಯದಲ್ಲಿ ‘ಶಂಸುದ್ದೀನನಿಂದ’ ಎನ್ನಬೇಕಾದರೆ ಅದು ‘ಮಿನ್ ಶಂಸಿದ್ದೀನಿ’ ಎಂದಾಗುತ್ತದೆ.

ಈಗ ರಫಾ. ಕ್ರಿಯಾಪದದ ಕರ್ತೃವಿಗೆ ಪೇಶ್. ಕ್ರಿಯಾಪದದಿಂದ ಆರಂಭವಾಗದ ‘ಮನೆ ದೊಡ್ಡದು’ ಎಂಬಂಥ ವಾಕ್ಯದಲ್ಲಿ ಎರಡು ಭಾಗಕ್ಕೂ ಪೇಶ್: ‘ಅಲ್ ಬೈತು ಕಬೀರುನ್’. ನಮ್ಮ ಹಾಗೆಯೇ ಅರಬ್ಬಿಯಲ್ಲೂ ಇಲ್ಲಿ ‘ಇದೆ’ ಎಂಬ ಕ್ರಿಯಾಪದ ಬೇಕಿಲ್ಲ ಎಂಬುದು ಕನ್ನಡಿಗರಿಗೆ ಸಿಗುವ ಒಂದು ಅನುಕೂಲ. ‘ಅಲ್’ ಇದ್ದರೆ ಒಂದೇ ಪೇಶ್, ಇಲ್ಲದಿದ್ದರೆ ದೋ ಪೇಶ್ ಬಂದು ‘ಉನ್’ ಎಂದು ಕೇಳಿಸುತ್ತದೆ. ‘ರಾಮನು’ ಎಂಬಲ್ಲಿ ನಮ್ಮ ಪ್ರಥಮೆಯ ಪ್ರತ್ಯಯವೂ ‘ಉ’ ಎಂದು ನಿನಗೆ ಹೊಳೆದಿರಬಹುದು. ಅದು ಕೇವಲ ಕಾಕತಾಳೀಯ, ಅದರ ಮೇಲೆ ಏನನ್ನೂ ಕಟ್ಟಬೇಡ.

ನಸ್ಬ್ ಇದೆಯಲ್ಲ, ಅದೇ ದೊಡ್ಡದು. ಅದನ್ನು ದ್ವಿತೀಯಾ ಎಂದು ಕರೆದರೆ ಅನ್ಯಾಯ. ಕರ್ಮಕ್ಕೆ ಜಬರ್ ಬರುತ್ತದೆ, ನಿಜ. ಕೆಲಸ ನಡೆದ ಹೊತ್ತಿಗೂ ಬರುತ್ತದೆ: ‘ಸಬಾಹನ್’, ಬೆಳಿಗ್ಗೆ. ಮಾಡಿದವನ ಸ್ಥಿತಿಗೂ ಬರುತ್ತದೆ: ‘ಜಾಅ ರಾಕಿಬನ್’, ಸವಾರನಾಗಿ ಬಂದ. ಕೆಲಸದ ಉದ್ದೇಶಕ್ಕೂ ಬರುತ್ತದೆ. ನಮ್ಮ ಊರಿನ ದಖನಿ ಮಾತಿನಲ್ಲಿ ‘ಫೌರನ್’, ‘ತಖ್ರೀಬನ್’, ‘ಮಸಲನ್’ ಎನ್ನುತ್ತಾರಲ್ಲ, ಅವುಗಳ ಕೊನೆಯ ‘ಅನ್’ ಈ ನಸ್ಬ್‌ನದೇ. ‘ಶುಕ್ರನ್’ ಎಂಬುದೂ ಹಾಗೆಯೇ.

ಆಮೇಲೆ ‘ಇನ್ನ’ ಬರುತ್ತದೆ, ಕೋಷ್ಟಕ ಹಿಡಿದವರು ಬೀಳುವುದು ಇಲ್ಲಿ. ‘ಅಲ್ ಬೈತು ಕಬೀರುನ್’ ಎಂಬ ವಾಕ್ಯದ ಮುಂದೆ ‘ನಿಶ್ಚಯವಾಗಿ’ ಎಂಬ ಅರ್ಥದ ‘ಇನ್ನ’ ಸೇರಿಸಿದರೆ ‘ಇನ್ನಲ್ ಬೈತ ಕಬೀರುನ್’ ಆಗುತ್ತದೆ. ‘ಇತ್ತು’ ಎಂಬ ಅರ್ಥದ ‘ಕಾನ’ ಸೇರಿಸಿದರೆ ಇದು ತಿರುಗಿಬಿಡುತ್ತದೆ: ‘ಕಾನಲ್ ಬೈತು ಕಬೀರನ್’. ಎರಡರಲ್ಲೂ ಮನೆಯೇ ಉದ್ದೇಶ್ಯ, ದೊಡ್ಡದು ಎಂಬುದೇ ವಿಧೇಯ. ಮನೆಗೆ ಏನನ್ನೂ ಯಾರೂ ಮಾಡಿಲ್ಲ. ಆದರೂ ಒಮ್ಮೆ ಮನೆಗೆ ಜಬರ್, ಒಮ್ಮೆ ದೊಡ್ಡದಕ್ಕೆ ಜಬರ್. ‘ಅನ್ನು’ ಪ್ರತ್ಯಯವನ್ನು ಹುಡುಕುತ್ತ ಹೋದವರಿಗೆ ಇದು ಎಂದಿಗೂ ಬಗೆಹರಿಯುವುದಿಲ್ಲ. ಆಳುವವರು ಯಾರೆಂದು ಕೇಳಿದವರಿಗೆ ಕ್ಷಣದಲ್ಲಿ ಬಗೆಹರಿಯುತ್ತದೆ: ಅಲ್ಲಿ ‘ಇನ್ನ’ ಆಳುತ್ತಿದೆ, ಇಲ್ಲಿ ‘ಕಾನ’ ಆಳುತ್ತಿದೆ, ಎರಡರ ಕಾಯಿದೆ ಬೇರೆ. ಕುರ್‌ಆನಿನಲ್ಲಿ ‘ಇನ್ನಲ್ಲಾಹ ಮಅಸ್ಸಾಬಿರೀನ್’, ಅಲ್ಲಾಹ್ ತಾಳ್ಮೆಯುಳ್ಳವರ ಜೊತೆಗಿದ್ದಾನೆ, ಎಂಬ ಮಾತನ್ನು ನೀನು ಕೇಳಿರುತ್ತೀಯ. ‘ಅಲ್ಲಾಹ’ ಎಂದು ಜಬರ್ ಯಾಕೆ ಬಂತೆಂದು ಈಗ ನೀನೇ ಹೇಳಬಲ್ಲೆ.

ಆ ಮಾತಿನ ಕೊನೆಯಲ್ಲಿರುವ ‘ಸಾಬಿರೀನ್’ ನೋಡು. ಎಲ್ಲ ಪದಗಳೂ ಜಬರ್, ಜೇರ್, ಪೇಶ್‌ಗಳಿಂದಲೇ ವಿಭಕ್ತಿ ತೋರಿಸುವುದಿಲ್ಲ. ಪುಲ್ಲಿಂಗ ಬಹುವಚನದ ಒಂದು ಬಗೆ ರಫಾದಲ್ಲಿ ‘ಊನ’, ಉಳಿದೆರಡರಲ್ಲೂ ‘ಈನ’. ದ್ವಿವಚನ ರಫಾದಲ್ಲಿ ‘ಆನಿ’, ಉಳಿದೆರಡರಲ್ಲೂ ‘ಐನಿ’. ಜೈನುಲ್ ಆಬಿದೀನ್ ಎಂಬ ಹೆಸರಿನಲ್ಲಿ ‘ಆಬಿದೀನ್’ ಆರಾಧಕರ ಎಂಬ ಅರ್ಥದಲ್ಲಿ ಜರ್‌ನಲ್ಲಿದೆ. ಉರ್ದುವಿನಲ್ಲಿ ತಂದೆತಾಯಿಗಳಿಗೆ ‘ವಾಲಿದೈನ್’ ಎನ್ನುವುದು, ‘ಎರಡು ಸಮುದ್ರಗಳು’ ಎಂಬ ಅರ್ಥದ ‘ಬಹ್ರೈನ್’ ಎಂಬ ದೇಶದ ಹೆಸರು, ಎರಡೂ ದ್ವಿವಚನದ ಈ ‘ಐನ್’ ರೂಪವೇ. ತಂದೆ, ಅಣ್ಣ ಮುಂತಾದ ಐದು ಪದಗಳು ಮುಜಾಫ್ ಆದಾಗ ದೀರ್ಘ ಸ್ವರದಿಂದ ವಿಭಕ್ತಿ ತೋರಿಸುತ್ತವೆ. ಅದಕ್ಕೇ ‘ಅಬೂ ತಾಲಿಬ್’ ಇದ್ದದ್ದು ‘ಅಲೀ ಇಬ್ನ್ ಅಬೀ ತಾಲಿಬ್’ ಎನ್ನುವಾಗ ‘ಅಬೀ’ ಆಗುತ್ತದೆ.

ಪತ್ರಿಕೆಯ ಸಂದೇಹಕ್ಕೆ ಬರುತ್ತೇನೆ. ಈ ‘ಊನ್’, ‘ಈನ್’, ‘ಅಬೂ’, ‘ಅಬೀ’ಗಳು ಅಕ್ಷರದಲ್ಲಿಯೇ ಕಾಣುತ್ತವೆ. ‘ಕಿತಾಬನ್’ ಎಂಬುದರ ಕೊನೆಗೂ ಒಂದು ಅಲಿಫ್ ಬರುತ್ತದೆ. ಉಳಿದ ಹ್ರಸ್ವ ಸ್ವರಗಳನ್ನು ಪತ್ರಿಕೆಗಳಲ್ಲಿ, ಕಾದಂಬರಿಗಳಲ್ಲಿ ಬರೆಯುವುದೇ ಇಲ್ಲ. ಓದುಗ ವಾಕ್ಯದ ರಚನೆಯನ್ನು ತಿಳಿದುಕೊಂಡು ತಾನೇ ಸ್ವರ ತುಂಬಬೇಕು. ಗಟ್ಟಿಯಾಗಿ ಓದಿದವನ ಇಅರಾಬ್ ಸರಿಯಿದ್ದರೆ ಅವನಿಗೆ ವಾಕ್ಯ ಅರ್ಥವಾಗಿದೆ ಎಂದೇ ಲೆಕ್ಕ.

ಒಂದು ಸ್ವರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅರಬ್ಬಿ ವ್ಯಾಕರಣದ ಆದಿಪುರುಷನೆಂದು ಹೆಸರಾದ ಅಬುಲ್ ಅಸ್ವದ್ ಅದ್ದುಅಲೀ ಅವರ ಕಥೆಯೊಂದನ್ನು ಪರಂಪರೆಯಲ್ಲಿ ಹೇಳುತ್ತಾರೆ. ಅವರು ಬಸ್ರಾ ಪಟ್ಟಣದವರು, ತೀರಿಕೊಂಡದ್ದು ಕ್ರಿ.ಶ. 688ರ ಸುಮಾರಿಗೆ. ಅವರ ಮಗಳು ಒಂದು ರಾತ್ರಿ ಆಕಾಶ ನೋಡಿ ‘ಮಾ ಅಹ್ಸನುಸ್ಸಮಾಇ’ ಎಂದಳಂತೆ. ತಂದೆ ‘ಅದರ ನಕ್ಷತ್ರಗಳು’ ಎಂದರು. ‘ನಾನು ಪ್ರಶ್ನೆ ಕೇಳಲಿಲ್ಲ ಅಪ್ಪಾ, ಆಕಾಶ ಎಷ್ಟು ಚೆಂದ ಎಂದು ಬೆರಗುಪಟ್ಟೆ’ ಎಂದಳು ಮಗಳು. ಹಾಗಿದ್ದರೆ ‘ಮಾ ಅಹ್ಸನಸ್ಸಮಾಅ’ ಎನ್ನಬೇಕಿತ್ತು. ಅವಳು ಹೇಳಿದ ರೂಪದ ಅರ್ಥ ‘ಆಕಾಶದಲ್ಲಿ ಅತಿ ಚೆಂದದ್ದು ಯಾವುದು?’ ಎಂದು. ಬೆರಗಿಗೂ ಪ್ರಶ್ನೆಗೂ ನಡುವೆ ಇದ್ದದ್ದು ಎರಡು ಹ್ರಸ್ವ ಸ್ವರ. ಇದೇ ಅಬುಲ್ ಅಸ್ವದ್ ಕುರ್‌ಆನಿನ ಪ್ರತಿಯಲ್ಲಿ ಬೇರೆ ಬಣ್ಣದ ಮಸಿಯಿಂದ ಚುಕ್ಕೆ ಇಟ್ಟು ಸ್ವರ ಗುರುತಿಸಿದರೆಂದೂ ಹೇಳುತ್ತಾರೆ. ಈಗ ನಾವು ಬಳಸುವ ಜಬರ್, ಜೇರ್, ಪೇಶ್‌ಗಳ ಆಕಾರವನ್ನು ರೂಪಿಸಿದ ಕೀರ್ತಿ ಎಂಟನೆಯ ಶತಮಾನದ ಖಲೀಲ್ ಇಬ್ನ್ ಅಹ್ಮದ್ ಅವರಿಗೆ ಸಲ್ಲುತ್ತದೆ. ಅವರ ಶಿಷ್ಯ ಸೀಬವೈಹ್ ಅರಬ್ಬಿ ವ್ಯಾಕರಣದ ಮೂಲಗ್ರಂಥವನ್ನೇ ಬರೆದವರು, ಹುಟ್ಟಿನಿಂದ ಪರ್ಷಿಯಾದವರು. ಹೊರಗಿನಿಂದ ಬಂದು ಕಲಿತವರಿಗೆ ಒಂದು ಭಾಷೆಯ ಕಟ್ಟು ಎಷ್ಟು ಸ್ಪಷ್ಟವಾಗಿ ಕಾಣಬಲ್ಲದು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಡ. ಸಿಂದಗಿಯಿಂದ ಬಂದು ಕಲಿಯುತ್ತಿರುವ ನೀನು ಅಳುಕಬೇಕಾಗಿಲ್ಲ.

ಪ್ರಶ್ನೆ: ಮಾಸ್ತರ ಸಾಹೇಬರೇ, ನಮಾಜಿನಲ್ಲಿ ಪ್ರವಾದಿಯವರಿಗಾಗಿ ಹೇಳುವ ದರೂದ್ ಎಂಬ ಪ್ರಾರ್ಥನೆಯಲ್ಲಿ ‘ಅಲಾ ಮುಹಮ್ಮದಿನ್ ವ ಅಲಾ ಆಲಿ ಮುಹಮ್ಮದಿನ್’ ಎನ್ನುತ್ತೇವೆ. ಅದರ ಮುಂದೆಯೇ ‘ಅಲಾ ಇಬ್ರಾಹೀಮ ವ ಅಲಾ ಆಲಿ ಇಬ್ರಾಹೀಮ’ ಎಂದು ಬರುತ್ತದೆ. ‘ಅಲಾ’ ಒಂದೇ ಆಗಿದ್ದರೂ ಒಂದು ಹೆಸರಿಗೆ ಜೇರ್, ಇನ್ನೊಂದಕ್ಕೆ ಜಬರ್ ಯಾಕೆ? ಬಾಲ್ಯದಿಂದ ಓದುತ್ತ ಬಂದಿದ್ದೇನೆ, ಯಾರನ್ನೂ ಕೇಳಲಿಲ್ಲ. (ಹಿರಿಯ ಓದುಗರು, ವಿಜಯಪುರ)

ಉತ್ತರ: ಸಾಹೇಬರೇ, ಇಷ್ಟು ಒಳ್ಳೆಯ ಪ್ರಶ್ನೆ ಈ ಅಂಕಣಕ್ಕೆ ಬಂದದ್ದು ನನ್ನ ಭಾಗ್ಯ. ಎರಡು ಹೆಸರುಗಳೂ ಜರ್‌ನಲ್ಲಿಯೇ ಇವೆ. ‘ಇಬ್ರಾಹೀಮ’ ಎಂಬಲ್ಲಿ ಜರ್‌ನ ಗುರುತಾಗಿ ಜಬರ್ ಬಂದಿದೆ, ಅಷ್ಟೇ ವ್ಯತ್ಯಾಸ. ಇಂಥ ಪದಗಳಿಗೆ ‘ಗೈರ್ ಮುನ್ಸರಿಫ್’ ಎನ್ನುತ್ತಾರೆ. ಅವು ತನ್ವೀನ್ ತೆಗೆದುಕೊಳ್ಳುವುದಿಲ್ಲ, ಅಂದರೆ ‘ಉನ್, ಅನ್, ಇನ್’ ಬರುವುದಿಲ್ಲ. ಜೇರ್ ಬರಬೇಕಾದಲ್ಲಿ ಜಬರ್ ಬರುತ್ತದೆ.

ಯಾವ ಪದಗಳು ಹೀಗೆ ಎಂಬುದಕ್ಕೆ ಕಾರಣಗಳ ಪಟ್ಟಿಯೇ ಇದೆ. ಇಬ್ರಾಹೀಮ್ ಅರಬ್ಬಿಯೇತರ ಮೂಲದ, ಮೂರಕ್ಕಿಂತ ಹೆಚ್ಚು ಅಕ್ಷರಗಳ ಅಂಕಿತನಾಮ. ಇಸ್ಮಾಯೀಲ್, ಯೂಸುಫ್, ಯಾಕೂಬ್ ಇದೇ ಸಾಲಿನವು. ಮುಹಮ್ಮದ್, ಸಾಲಿಹ್ ಅಚ್ಚ ಅರಬ್ಬಿ ಹೆಸರುಗಳಾದ್ದರಿಂದ ಪೂರ್ಣ ವಿಭಕ್ತಿ ಪಡೆಯುತ್ತವೆ. ನೂಹ್, ಲೂತ್ ಹೊರಗಿನವೇ ಆದರೂ ಮೂರೇ ಅಕ್ಷರ, ನಡುವಿನ ಅಕ್ಷರಕ್ಕೆ ಸ್ವರವಿಲ್ಲ, ಆದ್ದರಿಂದ ‘ನೂಹುನ್’ ಎಂದು ತನ್ವೀನ್ ಬರುತ್ತದೆ. ಫಾತಿಮಾ, ಮರ್ಯಮ್ ಮುಂತಾದ ಸ್ತ್ರೀಯರ ಹೆಸರುಗಳು, ಮಕ್ಕಾ ಎಂಬ ಊರಿನ ಹೆಸರು, ಉಮರ್, ಉಸ್ಮಾನ್, ಅಹ್ಮದ್ ಇವೂ ಗೈರ್ ಮುನ್ಸರಿಫ್. ‘ಮಸಾಜಿದ್’ ಎಂಬ ಬಹುವಚನವೂ ಹೌದು, ಆದರೆ ಅದಕ್ಕೆ ‘ಅಲ್’ ಸೇರಿದರೆ ಜೇರ್ ಮರಳಿ ಬರುತ್ತದೆ: ‘ಫಿಲ್ ಮಸಾಜಿದಿ’.

ಇಬ್ರಾಹೀಮರ ಹೆಸರಿನಲ್ಲಿಯೇ ಇನ್ನೊಂದು ಸಾಲು ಹೇಳಬೇಕೆನಿಸುತ್ತದೆ. ಕುರ್‌ಆನಿನ ಎರಡನೆಯ ಅಧ್ಯಾಯದ 124ನೆಯ ವಚನದಲ್ಲಿ ‘ವ ಇದಿಬ್ತಲಾ ಇಬ್ರಾಹೀಮ ರಬ್ಬುಹು’ ಎಂದಿದೆ. ಇಲ್ಲಿಯೂ ‘ಇಬ್ರಾಹೀಮ’ ಎಂದೇ ಕೇಳಿಸುತ್ತದೆ, ಆದರೆ ಇದು ನಿಜವಾದ ನಸ್ಬ್, ಕರ್ಮ. ‘ರಬ್ಬುಹು’ ಎಂಬುದರ ಪೇಶ್ ಕರ್ತೃವನ್ನು ತೋರಿಸುತ್ತದೆ. ಇಬ್ರಾಹೀಮರನ್ನು ಅವರ ಪ್ರಭು ಪರೀಕ್ಷಿಸಿದಾಗ ಎಂದು ಅರ್ಥ. ಕರ್ಮ ಮೊದಲು ಬಂದು ಕರ್ತೃ ಆಮೇಲೆ ಬಂದರೂ ಗೊಂದಲವಿಲ್ಲ. ಕನ್ನಡದಲ್ಲಿಯೂ ‘ಶಿಷ್ಯನನ್ನು ಗುರು ಪರೀಕ್ಷಿಸಿದರು’ ಎಂದು ನಾವು ನಿಶ್ಚಿಂತೆಯಿಂದ ಹೇಳಬಲ್ಲೆವು. ಪದಗಳನ್ನು ಹಿಂದುಮುಂದು ಇಡುವ ಈ ಸ್ವಾತಂತ್ರ್ಯ ವಿಭಕ್ತಿ ಇರುವ ಭಾಷೆಗಳ ಸಂಪತ್ತು. ಮುಂದೆ ಇಬ್ರಾಹೀಂ ರೋಜಾಕ್ಕೆ ಹೋದಾಗ ಕಿಟಕಿಗಳ ಕಲ್ಲಿನ ಜಾಲಿಯಲ್ಲಿ ಕೊರೆದ ಅರಬ್ಬಿ ಅಕ್ಷರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕುಸುರಿಯ ಅಂದವನ್ನು ಎಲ್ಲರೂ ನೋಡಿ ಹೋಗುತ್ತಾರೆ. ತಾವು ಒಂದೊಂದೇ ಪದವನ್ನು ಬಿಡಿಸಿ ಓದಬಲ್ಲಿರಿ.

ಪ್ರಶ್ನೆ: ನಾನು ಜಮಖಂಡಿಯ ನರ್ಸಿಂಗ್ ಪದವೀಧರ. ಕೆಲಸಕ್ಕಾಗಿ ಕುವೈತ್‌ಗೆ ಹೋಗುವವನಿದ್ದೇನೆ. ಹೋಗುವ ಮೊದಲು ಈ ವಿಭಕ್ತಿಯೆಲ್ಲ ಕಲಿಯಬೇಕೇ?

ಉತ್ತರ: ಬೇಡ ತಮ್ಮಾ. ಅಲ್ಲಿನ ಜನ ಮನೆಯಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಆಡುವ ಅರಬ್ಬಿಯಲ್ಲಿ ಈ ಕೊನೆಯ ಸ್ವರಗಳು ಬಿದ್ದುಹೋಗಿವೆ. ಬಹುವಚನದಲ್ಲಿಯೂ ‘ಊನ್’ ಹೋಗಿ ‘ಈನ್’ ಒಂದೇ ಉಳಿದಿದೆ. ನೀನು ಮೊದಲು ಕಲಿಯಬೇಕಾದದ್ದು ಕೊಲ್ಲಿಯ ಆಡುಮಾತು: ನೋವು ಎಲ್ಲಿದೆ, ಎಷ್ಟು ದಿನದಿಂದ ಇದೆ, ಮಾತ್ರೆ ತೆಗೆದುಕೊಂಡಿರಾ ಎಂದು ರೋಗಿಯನ್ನು ಕೇಳುವ ಮಾತುಗಳು. ಸುದ್ದಿ, ಕಚೇರಿಯ ಪತ್ರ, ಪುಸ್ತಕ ಓದುವ ಆಸೆ ಹುಟ್ಟಿದ ದಿನ ವ್ಯಾಕರಣಕ್ಕೆ ಬಾ.

ಪ್ರಶ್ನೆ: ಮನೆಯಲ್ಲಿಯೇ ಕಲಿಯಲು ಯಾವ ಪುಸ್ತಕ ಒಳ್ಳೆಯದು? (ಓದುಗರು, ಮುದ್ದೇಬಿಹಾಳ)

ಉತ್ತರ: ನಮ್ಮ ದೇಶದ ಮದರಸಾಗಳಲ್ಲಿ ಹಿಂದಿನಿಂದ ಓದಿಸುತ್ತ ಬಂದಿರುವ ‘ನಹವ್ ಮೀರ್’ ಪಾರ್ಸಿಯಲ್ಲಿದೆ, ಪಾರ್ಸಿ ಬಾರದವರಿಗೆ ಅದು ಎರಡು ಹೊರೆ. ‘ಆಜುರ್ರೂಮಿಯ್ಯಾ’ ಎಂಬ ಕಿರುಪುಸ್ತಕ ಹಿಡಿಯಿರಿ. ಮೊರೊಕ್ಕೊದ ಫೆಸ್ ಪಟ್ಟಣದಲ್ಲಿದ್ದ ಇಬ್ನ್ ಆಜುರ್ರೂಮ್ ಬರೆದದ್ದು. ಅವರು ತೀರಿಕೊಂಡದ್ದು 1323ರಲ್ಲಿ. ಕೆಲವೇ ಪುಟಗಳಲ್ಲಿ ರಫಾ ಬರುವ 7 ಸ್ಥಾನ, ನಸ್ಬ್ ಬರುವ 15 ಸ್ಥಾನಗಳನ್ನು ಹೇಳುತ್ತದೆ. ಅದರಲ್ಲಿ ಜರ್‌ಗೆ ‘ಖಫ್ಜ್’ ಎಂಬ ಹೆಸರು ಬಳಸಿದ್ದಾರೆ, ಅದನ್ನು ಕಂಡು ಗಾಬರಿಯಾಗಬೇಡಿ.

ಪುಸ್ತಕಕ್ಕಿಂತ ಮುಖ್ಯವಾದದ್ದು ‘ತರ್ಕೀಬ್’. ದಿನಕ್ಕೆ ಒಂದೇ ವಾಕ್ಯ ಬರೆದುಕೊಳ್ಳಿ. ಪ್ರತಿ ಪದದ ಕೆಳಗೆ ಅದು ಯಾವ ವಿಭಕ್ತಿಯಲ್ಲಿದೆ, ಅದಕ್ಕೆ ಕಾರಣವೇನು, ಗುರುತು ಯಾವುದು ಎಂದು ಬರೆಯಿರಿ. ‘ಅಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್’ ಎಂಬುದನ್ನೇ ತೆಗೆದುಕೊಳ್ಳಿ. ‘ಅಲ್ ಹಮ್ದು’ ರಫಾ, ವಾಕ್ಯದ ಉದ್ದೇಶ್ಯವಾದ್ದರಿಂದ, ಗುರುತು ಪೇಶ್. ‘ಅಲ್ಲಾಹಿ’ ಜರ್, ‘ಲಿ’ ಎಂಬ ಅವ್ಯಯದಿಂದ, ಗುರುತು ಜೇರ್. ‘ರಬ್ಬಿ’ ಜರ್, ಹಿಂದಿನ ‘ಅಲ್ಲಾಹಿ’ಯನ್ನು ಅನುಸರಿಸಿದ್ದರಿಂದ, ಗುರುತು ಜೇರ್. ‘ಆಲಮೀನ್’ ಜರ್, ಮುಜಾಫ್ ಇಲೈಹಿ ಆದ್ದರಿಂದ, ಇಲ್ಲಿ ಗುರುತು ‘ಯೇ’ ಅಕ್ಷರ. ಇದರ ಮುಂದಿನ ‘ಅರ್ರಹ್ಮಾನಿರ್ರಹೀಮ್’, ‘ಮಾಲಿಕಿ ಯೌಮಿದ್ದೀನ್’ ಎರಡನ್ನೂ ನೀವೇ ಬರೆದು ಕಳುಹಿಸಿ. ತಿದ್ದಿ ಕೊಡುತ್ತೇನೆ.